ರೂಬಿಯ ಖಾತೆಯಲ್ಲಿ ಸುಜಾತಾಳ ಹೆಸರು

ಅಮೆರಿಕಕ್ಕೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಜಲಪಾತ ನೋಡಿದಿರಾ? ನೋಡಲಿಲ್ಲ. ಮುಗಿಲು ಮುಟ್ಟುವ ಕಟ್ಟಡ ಹತ್ತಿದಿರಾ? ಹತ್ತಲಿಲ್ಲ. ಹಿಮ? ಅದೊಂದನ್ನು ನೋಡಿದೆ, ಕಿಟಕಿಯ ಒಳಗಿನಿಂದ. ಎರಡು ದಿನ ಚೆಂದಿತ್ತು. ಆಮೇಲೆ ಗಾಡಿಗಳು ಓಡಾಡಿ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಮಳೆಗಾಲದ ಕೆಸರಿಗಿಂತ ಕಡೆಯಾಯಿತು. "ಮತ್ತ ಮೂರು ತಿಂಗಳು ಅಲ್ಲಿ ಏನ್ ನೋಡಿದ್ರಿ ಬಾಯಾರ?" ಎಂದು ನಮ್ಮ ಶಾಲೆಯ ಹಳೆಯ ಮಾಸ್ತರೊಬ್ಬರು ಕೇಳಿದರು. "ರೊಕ್ಕ ಹಾಕಿ ಬಟ್ಟಿ ಒಗಿಯೋ ಅಂಗಡಿ ನೋಡೀನ್ರಿ" ಅಂದೆ. ಬಾಯಾರಿಗೆ ವಯಸ್ಸಾದರೂ ಚೇಷ್ಟೆ ಹೋಗಿಲ್ಲ ಎಂದು ಅವರು ನಕ್ಕರು. ನಾನು ಇದ್ದದ್ದನ್ನೇ ಹೇಳಿದ್ದೆ.

ಕಲಬುರಗಿಯ ಬ್ರಹ್ಮಪುರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ಬಾಯಾರು, ಅಂದರೆ ಟೀಚರು, ನಾನು. ಮದುವೆಯಾಗಲಿಲ್ಲ. ದೇಶ ಸುತ್ತುವ ಆಸೆ ಬೇಕಾದಷ್ಟಿತ್ತು, ಆದರೆ ಕಾಲು ಬೀದರ, ಸೋಲಾಪುರ, ಹೈದರಾಬಾದು ದಾಟಿರಲಿಲ್ಲ. ಕಡೆಗೆ ಸಮುದ್ರ ದಾಟುವ ಯೋಗ ಬಂದಾಗ ಅದು ಯಾರಿಗೂ ಬರಬಾರದ ರೀತಿಯಲ್ಲಿ ಬಂತು. ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ, ಊರಿಗೆಲ್ಲ ಎಸ್‌ಟಿಡಿ ಬೂತುಗಳೇ ಗತಿ.

ಕಮಲಾಪುರ

ಹೊರಡುವ ಮೊದಲು ಅಣ್ಣನನ್ನು ಕಂಡು ಬರಲು ಕಮಲಾಪುರಕ್ಕೆ ಹೋದೆ. ಅಣ್ಣ ಭೀಮರಾಯ ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು. ನಿವೃತ್ತನಾದ ಮೇಲೂ ಬಸ್ ಸ್ಟ್ಯಾಂಡಿಗೆ ಬಂದು ಕೂರುವುದನ್ನು ಬಿಟ್ಟಿರಲಿಲ್ಲ. ಹುಮನಾಬಾದಿನ ಗಾಡಿ ತಡವಾದರೆ ಪ್ರಯಾಣಿಕರಿಗಿಂತ ಇವನಿಗೇ ಹೆಚ್ಚು ಸಿಟ್ಟು.

ಅವನ ಒಬ್ಬಳೇ ಮಗಳು ಸುಜಾತಾ. ಮದುವೆಯಾಗಿ ಅಮೆರಿಕಕ್ಕೆ ಹೋಗಿ ಆರು ವರ್ಷವಾಗಿತ್ತು. ಅಳಿಯ ಮಿಲಿಂದ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಹುಡುಗ, ತಂದೆ ದೊಡ್ಡ ಆಫೀಸಿನಲ್ಲಿದ್ದವರು. ಇವನು ಅಲ್ಲಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಗೌತಮಿ ಎಂಬ ಪುಟ್ಟ ಮಗಳಿದ್ದಳು. ಮಗುವನ್ನು ನೋಡಿಕೊಳ್ಳಲು ಮನೆಯವರೇ ಯಾರಾದರೂ ಬರಲಿ ಎಂದು ಟಿಕೆಟ್ ಕಳಿಸಿದವನು ಅವನೇ. ಅಣ್ಣನಿಗೆ ಗೊತ್ತಿದ್ದದ್ದು ಇಷ್ಟು.

ಅವನಿಗೆ ಗೊತ್ತಿಲ್ಲದ್ದನ್ನು ಸುಜಾತಾ ನನಗೆ ಫೋನಿನಲ್ಲಿ ಹೇಳಿದ್ದಳು. "ಅತ್ತಿ, ನೀ ಬಾ. ನಂದು ಇಲ್ಲಿ ಬರೋಬರಿ ಇಲ್ಲ. ಅಪ್ಪಗ ಮಾತ್ರ ಹೇಳಬ್ಯಾಡ, ಅವನ ಎದಿ ತಡಿಯೂದಿಲ್ಲ." ಅಣ್ಣನಿಗೆ ಒಮ್ಮೆ ಎದೆನೋವು ಬಂದು ಹೋಗಿತ್ತು. ಡಾಕ್ಟರು ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಿದ್ದರು. ಹಚ್ಚಿಕೊಳ್ಳುವುದನ್ನು ಬಿಟ್ಟು ಬೇರೇನೂ ಬಾರದ ಮನುಷ್ಯ ಅವನು.

ಅದಕ್ಕೆ ಕಾರಣವಿತ್ತು. ಬಹಳ ಹಿಂದೆ ಜೊತೆಯ ಕಂಡಕ್ಟರನೊಬ್ಬ ನೌಕರರ ಪತ್ತಿನ ಸಂಘದಲ್ಲಿ ಸಾಲ ತೆಗೆಯುವಾಗ ಅಣ್ಣ ಜಾಮೀನು ನಿಂತ. ಆ ಪುಣ್ಯಾತ್ಮ ಒಂದು ದಿನ ಸೋಲಾಪುರದ ಗಾಡಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಅಲ್ಲಿಂದ ಅಣ್ಣನ ಪಗಾರ ಅರ್ಧ ಕತ್ತರಿಸಿ ಕೈಗೆ ಬರತೊಡಗಿತು. ಅದೇ ಕಾಲಕ್ಕೆ ಅತ್ತಿಗೆಗೆ ಹೊಟ್ಟೆಯ ಬೇನೆ ಶುರುವಾಯಿತು. ಹೈದರಾಬಾದಿಗೆ ಕರೆದೊಯ್ಯಿರಿ ಎಂದರು. ಮುಂದಿನ ಪಗಾರಕ್ಕೆ, ಮುಂದಿನ ಪಗಾರಕ್ಕೆ ಎನ್ನುತ್ತಲೇ ಅವಳು ಹೋದಳು. ಅಣ್ಣ ಅಂದಿನಿಂದ ಬೇರೆಯವರ ಕಾಗದದ ಮೇಲೆ ಪೆನ್ನು ಊರಿದವನಲ್ಲ. ಮತದಾರರ ಪಟ್ಟಿಗೆ ಸಹಿ ಹಾಕುವಾಗಲೂ ಎರಡು ಸಲ ಓದಿಸಿಕೊಳ್ಳುತ್ತಿದ್ದ.

ಬಸ್ ಹತ್ತುವಾಗ ಅವನು ಪೇಪರಿನಲ್ಲಿ ಸುತ್ತಿದ ಕಮಲಾಪುರದ ಕೆಂಪು ಬಾಳೆಹಣ್ಣನ್ನು ನನ್ನ ಚೀಲಕ್ಕೆ ತುರುಕಿದ. "ಆಕಿಗ ಭಾಳ ಸೇರ್ತಾವ. ಅಲ್ಲಿ ಎಲ್ಲಿ ಸಿಗಬೇಕು?" ಅಂದ.

ವಿಮಾನ ಇಳಿದಲ್ಲಿ

ಅಲ್ಲಿ ವಿಮಾನ ನಿಲ್ದಾಣದಲ್ಲಿ ಹಸಿರು ಅಂಗಿ ತೊಟ್ಟ ಒಂದು ಸಣ್ಣ ನಾಯಿ ನಮ್ಮನ್ನೆಲ್ಲ ಮೂಸುತ್ತ ಬಂತು. ಜನ ಅದಕ್ಕೆ ದಾರಿ ಬಿಟ್ಟು ನಗುತ್ತಿದ್ದರು. ನನ್ನ ಚೀಲದ ಮುಂದೆ ಬಂದು ಅದು ಸುಮ್ಮನೆ ಕುಳಿತುಬಿಟ್ಟಿತು. ನಾಯಿ ಕುಳಿತರೆ ಏನೋ ಸಿಕ್ಕಿತು ಎಂದು ಅರ್ಥವಂತೆ. ನಾನು ಅದಕ್ಕೆ ಹಚಾ ಎಂದೆ, ಅದು ಕದಲಲಿಲ್ಲ.

ಕೈಗವಸು ಹಾಕಿದ ಒಬ್ಬ ಅಧಿಕಾರಿ ಅಣ್ಣನ ಹಣ್ಣುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಕೆಂಪು ಬಾಳೆಹಣ್ಣನ್ನು ಅವನು ಕಂಡಿದ್ದೇ ಇಲ್ಲ. ತಿನ್ನುವುದೋ ಬೇರೇನೋ ಎಂದು ಕೇಳಿದ. ಒಂದನ್ನು ಸುಲಿದು ಬಾಯಿಗಿಟ್ಟುಕೊಂಡು ತೋರಿಸಿದೆ. ಅದಕ್ಕೆ ಅವನು ಗಾಬರಿಯಾಗಿ ಉಳಿದದ್ದನ್ನೆಲ್ಲ ಕಸದ ಡಬ್ಬಿಗೆ ಹಾಕಿದ. ನಮ್ಮೂರಲ್ಲಿ ಪೊಲೀಸರು ಹಣ್ಣು ಹಿಡಿದರೆ ಕನಿಷ್ಠ ತಾವಾದರೂ ತಿನ್ನುತ್ತಾರೆ. ಶೇಂಗಾ ಹಿಂಡಿ, ಕಡಕ್ ರೊಟ್ಟಿ ಮಾತ್ರ ಪಾರಾದವು.

ಹೊರಗೆ ಸುಜಾತಾ ನಿಂತಿದ್ದಳು. ತೂಕ ಇಳಿದಿತ್ತು. ನನ್ನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಪಕ್ಕದಲ್ಲಿ ಮಿಲಿಂದ ನಗುತ್ತ ನನ್ನ ಚೀಲ ತೆಗೆದುಕೊಂಡು, ಬಗ್ಗಿ ಕಾಲು ಮುಟ್ಟಿ, "ತ್ರಾಸ ಆಗಿಲ್ಲಲ್ರಿ ಅತ್ತಿ?" ಎಂದು ಕೇಳಿದ.

ಅಳಿಯನ ಮನೆ

ಬೆಚ್ಚನೆಯ ಮನೆ, ನೆಲದ ತುಂಬ ಮೆತ್ತನೆ ಹಾಸು, ಗೂಡಿನಲ್ಲಿ ಬುದ್ಧನ ಮೂರ್ತಿ. ಮಿಲಿಂದ ಬೆಳಿಗ್ಗೆ ತಾನೇ ಎದ್ದು ನನಗೆ ಚಹಾ ಮಾಡಿ ಕೊಡುತ್ತಿದ್ದ. ಉಂಡ ತಟ್ಟೆ ತಾನೇ ತೊಳೆಯುತ್ತಿದ್ದ. ನಮ್ಮ ಓಣಿಯ ಗಂಡಸರು ಯಾರು ಹೀಗೆ ಮಾಡುತ್ತಾರೆ? ಸುಜಾತಾ ಏನೋ ಹೆಚ್ಚು ಕಮ್ಮಿ ಹೇಳಿರಬೇಕು ಎಂದು ಒಂದು ವಾರ ನನಗೇ ಅನುಮಾನವಿತ್ತು.

ಆಮೇಲೆ ಒಂದೊಂದೇ ಕಾಣತೊಡಗಿತು. ಕೆಲಸಕ್ಕೆ ಹೋಗುವಾಗ ಅವನು ಮನೆಯ ಫೋನನ್ನು ಕಿತ್ತು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಸುಜಾತಾ ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬಸ್ಸು ತಡವಾಗಿ ಅವಳು ತಡವಾದರೆ ಅಂದು ರಾತ್ರಿ ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಗೌತಮಿ ಕೂಡ ಅಪ್ಪ ಬಾಗಿಲು ತೆರೆದ ಸದ್ದಿಗೆ ಆಟ ನಿಲ್ಲಿಸಿ, ಗೊಂಬೆಗಳನ್ನು ಸಾಲಾಗಿ ಇಟ್ಟು ಕೂರುತ್ತಿದ್ದಳು. ಅಷ್ಟು ಶಿಸ್ತಿನ ಮಗುವನ್ನು ನನ್ನ ಅಷ್ಟೂ ವರ್ಷದ ಶಾಲೆಯಲ್ಲಿ ನಾನು ಕಂಡಿರಲಿಲ್ಲ, ಕಾಣಲು ಬಯಸುವುದೂ ಇಲ್ಲ.

ಒಂದು ದಿನ ಹಿಟ್ಟು ನಾದುವಾಗ ಸುಜಾತಾ ತೋಳು ಮೇಲೆ ಸರಿಸಿದಳು. ತೋಳಿನ ಮೇಲೆ ಬೆರಳು ಮೂಡಿದ ಹಾಗೆ ನೀಲಿ ಗುರುತು.

"ಬಾಗಿಲಕ್ಕ ಬಡ್ಕೊಂಡೆ ಅತ್ತಿ."

"ಬಾಗಿಲಕ್ಕ ಬಟ್ಟು ಇರ್ತಾವೇನವ್ವ?" ಅಂದೆ.

ಅವಳು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಂದು ಎಲ್ಲ ಹೇಳಿದಳು. ಮನೆ, ಕಾರು, ಬ್ಯಾಂಕಿನ ಪುಸ್ತಕ ಎಲ್ಲ ಅವನ ಹೆಸರಿನಲ್ಲಿ. ಅವಳ ಪಗಾರವೂ ಅವನ ಖಾತೆಗೇ ಹೋಗುತ್ತಿತ್ತು. ಮಗುವಿನ ಪಾಸ್‌ಪೋರ್ಟು ಅವನ ಬೀಗದಲ್ಲಿ. ಆ ಊರಿನಲ್ಲಿ ಹೆಂಗಸರಿಗೆ ಸಹಾಯ ಮಾಡುವ ಒಂದು ಆಫೀಸಿಗೆ ಕದ್ದು ಹೋಗಿ ಕೇಳಿದ್ದಳು. ಅವರ ಆಸರೆಯ ಮನೆ ತುಂಬಿತ್ತು. ಅಲ್ಲಿನ ವಕೀಲೆ ಒಂದು ದಾರಿ ಹೇಳಿದ್ದಳು: ನಿನಗೆ ಕೆಲಸವಿದೆ, ನಿನ್ನ ಹೆಸರಿನಲ್ಲಿ ಒಂದು ಬಾಡಿಗೆ ಮನೆ ಮಾಡು, ಮಗು ನಿನ್ನ ಹತ್ತಿರವೇ ಇರಲಿ ಎಂದು ನಾವು ಕೋರ್ಟಿನಲ್ಲಿ ಕೇಳುತ್ತೇವೆ. ಆದರೆ ಈ ಊರು ಬಿಡುವ ಮೊದಲು ಮಾಡು.

ಊರು ಬಿಡುವುದು ಆಗಲೇ ಗೊತ್ತಾಗಿತ್ತು. ಮಿಲಿಂದ ದೂರದ ಇನ್ನೊಂದು ರಾಜ್ಯದಲ್ಲಿ ಕೆಲಸ ಹಿಡಿದಿದ್ದ. ಚಳಿ ಮುಗಿಯುವ ಹೊತ್ತಿಗೆ ಹೋಗುವುದು. ಅಲ್ಲಿ ಅವಳಿಗೆ ಕೆಲಸವಿಲ್ಲ, ಗುರುತಿನ ಒಂದು ಮುಖವಿಲ್ಲ. ಅಷ್ಟರೊಳಗೆ ಅವಳ ಹೆಸರಿನಲ್ಲಿ ಒಂದು ಮನೆ ಆಗಬೇಕಿತ್ತು.

ಬಟ್ಟೆ ಒಗೆಯುವ ಅಂಗಡಿ

ಮನೆಯ ಒಗೆಯುವ ಯಂತ್ರ ಕೆಟ್ಟಿತ್ತು. ಬೇರೆ ಊರಿಗೆ ಹೋಗುವವರು ಇದನ್ನೇಕೆ ರಿಪೇರಿ ಮಾಡಿಸಬೇಕು ಎಂದು ಮಿಲಿಂದ ಬಿಟ್ಟಿದ್ದ. ಹಾಗಾಗಿ ಭಾನುವಾರ ಬೆಳಿಗ್ಗೆ ನಾವು ಮೂವರು ಹೆಂಗಸರು, ಅಂದರೆ ನಾನು, ಸುಜಾತಾ, ಗೌತಮಿ, ಬಟ್ಟೆಯ ಗಂಟು ಹೊತ್ತು ಬೀದಿಯ ಕೊನೆಯ ಅಂಗಡಿಗೆ ಹೋಗಲು ಅಪ್ಪಣೆಯಿತ್ತು. ಅಪ್ಪಣೆ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ.

ಉದ್ದಕ್ಕೂ ಯಂತ್ರಗಳು, ಒಂದೊಂದಕ್ಕೂ ಗಾಜಿನ ದುಂಡು ಬಾಗಿಲು. ಜನ ನಾಣ್ಯ ಹಾಕಿ, ತಮ್ಮ ಚಡ್ಡಿ ಬನಿಯನ್ನು ಗಿರಗಿರ ತಿರುಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂರುತ್ತಾರೆ. ಒಳಗಿನ ಬಟ್ಟೆಯನ್ನು ಸೀರೆಯ ಮರೆಯಲ್ಲಿ ಒಣಗಿಸುವ ಊರಿನಿಂದ ಬಂದ ನನಗೆ ಮೊದಲ ದಿನ ತಲೆ ಎತ್ತಲಾಗಲಿಲ್ಲ. ಇನ್ನೊಂದು ಚೆಂದದ ರೂಢಿ ಇತ್ತು. ಒಬ್ಬರು ದೊಡ್ಡ ಹಾಸಿಗೆ ಬಟ್ಟೆ ಮಡಚಲು ಒದ್ದಾಡುತ್ತಿದ್ದರೆ, ಗುರುತಿಲ್ಲದವರೂ ಎದ್ದು ಬಂದು ಇನ್ನೊಂದು ತುದಿ ಹಿಡಿಯುತ್ತಾರೆ. ಮಡಚಿ ಮುಗಿದ ಮೇಲೆ ಮಾತಿಲ್ಲದೆ ತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ.

ಸೋಪಿನ ಪುಡಿಯನ್ನು ನಾನು ಮನೆಯ ಅಳತೆಯಲ್ಲಿ ಹಾಕಿದೆ. ಸ್ವಲ್ಪ ಹೊತ್ತಿಗೆ ಯಂತ್ರದ ಬಾಯಿಂದ ನೊರೆ ಉಕ್ಕಿ ನೆಲಕ್ಕೆ ಹರಿಯಿತು. ಎಲ್ಲರೂ ಕಾಲೆತ್ತಿ ಕುಳಿತರು. ಎತ್ತರದ, ಬಿಳಿ ಕೂದಲಿನ ಕಪ್ಪು ಹೆಂಗಸೊಬ್ಬಳು ಎಲ್ಲಿಂದಲೋ ಒರೆಸುವ ಕೋಲು ತಂದು, ನಗುತ್ತ, ನನ್ನ ಕೈಗೆ ಕೊಡದೆ ತಾನೇ ಒರೆಸಿದಳು. ಅವಳೇ ರೂಬಿ. ಸುಜಾತಾ ಕೆಲಸ ಮಾಡುವ ಆಶ್ರಮದಲ್ಲಿ ಅಡುಗೆಯವಳು.

ರೂಬಿಯ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಸುಜಾತಾ ನಮ್ಮ ಮಾತಿಗೆ ತರುತ್ತಿದ್ದಳು. ಹಾಗಾಗಿ ನನ್ನ ನೆನಪಿನಲ್ಲಿ ರೂಬಿ ಕಲಬುರಗಿಯ ಕನ್ನಡವನ್ನೇ ಆಡುತ್ತಾಳೆ.

"ನಿಮ್ಮ ಹುಡುಗಿಗಿ ಇಲ್ಲಿ ಹೆಸರೇ ಇಲ್ಲ" ಅಂದಳು ರೂಬಿ. "ಆರು ವರ್ಷ ದುಡದಾಳ, ಖರೆ. ಆದ್ರ ಈ ದೇಶದಾಗ ಸಾಲ ತಗೊಂಡು ತೀರ್ಸಿದವರಿಗಷ್ಟ ಹೆಸರು. ಈಕಿ ತಗೊಂಡೂ ಇಲ್ಲ, ತೀರ್ಸೂ ಇಲ್ಲ. ಮನಿ ಬಾಡಿಗಿ ಕೇಳ್ಲಿಕ್ಕ ಹೋದ್ರ ಮಾಲಕರು ಕಂಪ್ಯೂಟರ್ ಮಶೀನಿನ್ಯಾಗ ನೋಡ್ತಾರ, ಏನೂ ಕಾಣೂದಿಲ್ಲ. ಬ್ಯಾಡ ಅಂತಾರ."

ನನಗೆ ತಲೆ ತಿರುಗಿತು. ನಮ್ಮಲ್ಲಿ ಅಂಗಡಿಯಲ್ಲಿ ಉದ್ರಿ ಸಾಲ ಬರೆಸದ ಮನುಷ್ಯ ಮರ್ಯಾದಸ್ಥ. ಇಲ್ಲಿ ಉದ್ರಿ ಇಲ್ಲದವನು ಲೆಕ್ಕಕ್ಕೇ ಇಲ್ಲ. ಬ್ಯಾಂಕಿನವರು, ಅಂಗಡಿಯವರು ಎಲ್ಲ ಸೇರಿ ಒಬ್ಬೊಬ್ಬರಿಗೂ ಅಂಕ ಹಾಕಿ ಇಟ್ಟಿರುತ್ತಾರಂತೆ, ಪರೀಕ್ಷೆಯ ಹಾಗೆ.

ಅದಕ್ಕೆ ರೂಬಿ ಒಂದು ಕೆಲಸ ಮಾಡಿದ್ದಳು. ಅವಳ ಹತ್ತಿರ ಸಾಲದ ಕಾರ್ಡು, ಅಂದರೆ ಕ್ರೆಡಿಟ್ ಕಾರ್ಡು ಒಂದಿತ್ತು, ಬಹಳ ಹಳೆಯದು, ಒಂದು ತಿಂಗಳೂ ಬಾಕಿ ತಪ್ಪಿಸದೆ ಕಟ್ಟಿದ್ದು. ಆ ಖಾತೆಗೆ ಸುಜಾತಾಳ ಹೆಸರನ್ನೂ ಸೇರಿಸಲು ಕಾರ್ಡಿನ ಕಂಪನಿಗೆ ಹೇಳಿದ್ದಳು. ಸುಜಾತಾಳ ಹೆಸರಿನಲ್ಲೂ ಒಂದು ಕಾರ್ಡು ಬಂದಿತ್ತು. ಅವಳು ಅದನ್ನು ಬಳಸಬೇಕಾಗಿಲ್ಲ, ಏನನ್ನೂ ಕಟ್ಟಬೇಕಾಗಿಲ್ಲ. ಖಾತೆ ರೂಬಿಯದು, ಕಟ್ಟುವ ಹೊಣೆ ರೂಬಿಯದು; ಆದರೆ ಅಷ್ಟು ವರ್ಷ ರೂಬಿ ಗಳಿಸಿದ ಒಳ್ಳೆಯ ಹೆಸರು ಸುಜಾತಾಳ ಹೆಸರಿನ ಮುಂದೆಯೂ ಕಾಣುತ್ತದೆ. ಅಲ್ಲಿ ತಾಯಂದಿರು ದೊಡ್ಡ ಮಕ್ಕಳನ್ನು ಹೀಗೆ ತಮ್ಮ ಖಾತೆಗೆ ಸೇರಿಸಿಕೊಂಡು ದಾರಿಗೆ ಹಚ್ಚುತ್ತಾರಂತೆ.

"ಈಕಿ ನಿಮಗ ಏನಾಗ್ಬೇಕು? ನೀವ್ಯಾಕ ಮಾಡ್ಲಕತ್ತೀರಿ?" ಎಂದು ಕೇಳಿಯೇಬಿಟ್ಟೆ.

ರೂಬಿ ಹಾಸಿಗೆ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ನನ್ನ ಗಂಡನೂ ಹೊಡೀತಿದ್ದ. ನಮ್ಮ ಚಿಗವ್ವ ಆಕಿ ಖಾತಾದಾಗ ನನ್ನ ಹೆಸರು ಹಾಕ್ಸಿದ್ಳು. ನಾ ಹೊರಗ ಬಂದೆ. ಹಿಡ್ಕೋ, ಗಟ್ಟಿ ಹಿಡ್ಕೋ" ಅಂದಳು.

ನನಗೆ ನನ್ನ ಮೊದಲ ನೌಕರಿಯ ದಿನಗಳು ನೆನಪಾದವು. ಬ್ರಹ್ಮಪುರದಲ್ಲಿ ಬಾಡಿಗೆಗೆ ಒಂದು ಖೋಲಿ, ಒಂದು ಕೋಣೆ ಹುಡುಕಿ ಹೈರಾಣಾಗಿದ್ದೆ. ಬಾಡಿಗೆ ಹೇಳುವ ಮೊದಲು ಅಡ್ಡಹೆಸರು ಕೇಳುತ್ತಿದ್ದರು, ಅಡ್ಡಹೆಸರು ಕೇಳಿದ ಮೇಲೆ ಖೋಲಿ ಖಾಲಿ ಇಲ್ಲ ಎನ್ನುತ್ತಿದ್ದರು. ಕಡೆಗೆ ನಮ್ಮ ಶಾಲೆಯ ದೊಡ್ಡ ಬಾಯಾರು, ಮುಖ್ಯೋಪಾಧ್ಯಾಯಿನಿ, ತಾವೇ ನನ್ನ ಜೊತೆ ಬಂದು ಅಂಗಳದಲ್ಲಿ ನಿಂತು, "ಈಕಿ ನಮ್ಮಾಕಿ, ಕೊಡ್ರಿ" ಎಂದರು. ಸಿಕ್ಕಿತು. ಒಬ್ಬರ ಹೆಸರಿನ ಬಲದಲ್ಲಿ ಇನ್ನೊಬ್ಬರು ಹೊಸಿಲು ದಾಟುವುದು ನನಗೆ ಹೊಸದಾಗಿರಲಿಲ್ಲ. ಆ ದೇಶದಲ್ಲಿ ಇಷ್ಟರಮಟ್ಟಿಗೆ ನಮ್ಮೂರಿನಂಥದ್ದು ಬೇರೇನನ್ನೂ ನಾನು ಕಾಣಲಿಲ್ಲ.

ಹಳದಿ ಇಟ್ಟಿಗೆಯ ಮನೆ

ಆಶ್ರಮದಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳದಿ ಇಟ್ಟಿಗೆಯ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಒಂದು ಮನೆ ತಿಂಗಳ ಕೊನೆಗೆ ಖಾಲಿಯಾಗಲಿತ್ತು. ಬಟ್ಟೆಯ ಗಂಟನ್ನು ಯಂತ್ರಕ್ಕೆ ಹಾಕಿ, ರೂಬಿಯನ್ನು ಕಾವಲಿಗೆ ಕೂರಿಸಿ, ನಾವು ಮೂವರೂ ಬಸ್ಸು ಹಿಡಿದು, ಓಡುತ್ತ ಹೋಗಿ ನೋಡಿ ಬಂದೆವು. ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ತೆರೆಯುವ ಕಿಟಕಿ. ಗೌತಮಿ ಗೋಡೆಯ ಕಪಾಟಿನೊಳಗೆ ಹೊಕ್ಕು, "ಅಪ್ಪಗ ಈ ಮನಿ ಗೊತ್ತದೇನು?" ಎಂದು ಕೇಳಿದಳು. ಇಲ್ಲ ಅಂದೆ. ಹಾಗಾದರೆ ಇದೇ ಇರಲಿ ಅಂದಳು.

ಕಟ್ಟಡದ ಮ್ಯಾನೇಜರು ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಒಬ್ಬ ತೆಳ್ಳನೆಯ ಹೆಂಗಸು. ಮೊದಲೊಮ್ಮೆ ಸುಜಾತಾ ಒಬ್ಬಳೇ ಹೋದಾಗ ನಿನ್ನ ಹೆಸರಿಗೆ ಏನೂ ಇಲ್ಲ ಎಂದು ಕಳಿಸಿದ್ದಳು. ಈ ಸಲ ಯಂತ್ರದಲ್ಲಿ ನೋಡಿ ಹುಬ್ಬೇರಿಸಿದಳು. ರೂಬಿಯ ಖಾತೆ ಅಲ್ಲಿ ಬಂದು ಕುಳಿತಿತ್ತು. ಇಷ್ಟು ಅಂಕ ಸಾಕು, ಮನೆ ಖಾಲಿಯಾದ ದಿನ ಬಾ, ಇನ್ನೊಮ್ಮೆ ನೋಡಿ ಕರಾರು ಮಾಡಿಕೊಡುತ್ತೇನೆ, ಅಂದಳು.

ಅಂಗಡಿಗೆ ತಿರುಗಿ ಬರುವಾಗ ಸುಜಾತಾ ಆ ಹಿಮದ ಕೆಸರಿನಲ್ಲಿ ಎರಡು ಸಲ ಜಾರಿದಳು, ಎರಡು ಸಲವೂ ನಕ್ಕಳು. ನಾನು ಅಲ್ಲಿಗೆ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೂ ಎದೆ ಹಗುರಾಗಿತ್ತು, ಸುಳ್ಳೇಕೆ ಹೇಳಲಿ.

ರೂಬಿಯ ಮನೆಯಿಂದ ಫೋನು

ರೂಬಿ ಇದ್ದದ್ದು ವಯಸ್ಸಾದವರಿಗೆಂದೇ ಕಟ್ಟಿದ ಸರಕಾರಿ ವಸತಿಯಲ್ಲಿ. ಅಲ್ಲಿ ನೆಂಟರು ಬಂದು ಉಳಿಯುವ ಹಾಗಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ. ಇಲ್ಲದಿದ್ದರೆ ಅವಳು ಸುಜಾತಾಳನ್ನು ಎಂದೋ ಕರೆದುಕೊಂಡು ಹೋಗುತ್ತಿದ್ದಳು. ಆದರೆ ಫೋನು ಮಾಡಬಹುದಿತ್ತು. ಮುಂದಿನ ಭಾನುವಾರ ಬಟ್ಟೆ ಒಗೆಯುವ ಹೊತ್ತಿನಲ್ಲಿ ಅಲ್ಲಿಂದ ಅಣ್ಣನಿಗೆ ಫೋನು ಹಚ್ಚಿದೆವು. ಅವನು ಪ್ರತಿ ಭಾನುವಾರ ಸಂಜೆ ಕಮಲಾಪುರದ ಬೂತಿನಲ್ಲಿ ಕಾದು ಕುಳಿತಿರುತ್ತಿದ್ದ.

ಸುಜಾತಾ ಖುಷಿಯಲ್ಲಿದ್ದಳು. ಖುಷಿಯಲ್ಲಿ ಮಾತು ಅರ್ಧ ಹೊರಗೆ ಬಂತು.

"ಅಪ್ಪಾ, ಇಲ್ಲಿ ಒಬ್ಬರು ಭಾಳ ಚೊಲೊ ಅದಾರ. ಅವರ ಖಾತಾದಾಗ ನನ್ನ ಹೆಸರು ಹಾಕ್ಸ್ಯಾರ."

ಆ ಕಡೆ ಅಣ್ಣನ ದನಿ ನನಗೂ ಕೇಳುವಷ್ಟು ಏರಿತು. "ಯಾರ ಖಾತಾ? ಎಂಥಾ ಖಾತಾ? ಸಾಲದ್ದೇನ?"

"ಸಾಲದ್ದೇ ಅಪ್ಪಾ, ಆದ್ರ ನಾ ಏನೂ ಕಟ್ಟೂದಿಲ್ಲ. ಹೆಸರಷ್ಟ."

"ಹೆಸರಷ್ಟ ಅಂತ ಅವನೂ ಅಂದಿದ್ದ! ಹೆಸರಷ್ಟ ಕೊಡು ಭೀಮಣ್ಣ, ರೊಕ್ಕ ನಾ ಕಟ್ತೀನಿ ಅಂದಿದ್ದ. ನಿಮ್ಮವ್ವ ಹೆಂಗ ಸತ್ತಳು ಮರ್ತೇನ?"

ನಾನು ಫೋನು ಕಸಿದುಕೊಂಡೆ. "ಅಣ್ಣಾ, ಇದು ಜಾಮೀನಲ್ಲೋ. ಇದು ಉಲ್ಟಾ ಅದ. ರೊಕ್ಕ ಕಟ್ಟೋಕಿ ಆಕಿ, ಹೆಸರು ಬೆಳಿಯೂದು ನಮ್ಮ ಹುಡುಗಿದು. ಮುಳುಗಿದ್ರ ಆಕಿ ಮುಳುಗ್ತಾಳ, ನಮ್ಮಾಕಿ ಅಲ್ಲ."

"ಪುಕ್ಕಟ ಹೆಸರು ಯಾರರೆ ಕೊಡ್ತಾರೇನ? ನೀ ಸಾಲಿ ಕಲಿಸ್ದಾಕಿ, ನಿನಗ ಮಂದಿ ಗೊತ್ತಿಲ್ಲ. ಮತ್ತ ಆಕಿಗ ಬ್ಯಾರೆ ಹೆಸರ್ಯಾಕ ಬೇಕು? ಗಂಡ ಇಲ್ಲೇನ? ಗಂಡನ ಹೆಸರು ಸಾಲೂದಿಲ್ಲೇನ?"

ಅದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸುಜಾತಾ ಎರಡೂ ಕೈ ಜೋಡಿಸಿ ನನ್ನ ಮುಂದೆ ನಿಂತಿದ್ದಳು, ಹೇಳಬೇಡ ಎಂದು. ಆ ಕಡೆಯಿಂದ ಅಣ್ಣ ಏದುಸಿರು ಬಿಡುವುದು ಕೇಳುತ್ತಿತ್ತು. ಫೋನನ್ನು ಮತ್ತೆ ಅವಳ ಕೈಗೆ ಕೊಟ್ಟೆ.

"ತೆಗಿಸಿ ಹಾಕು" ಅಂದ ಅಣ್ಣ. "ನಾಳಿಗೇ ತೆಗಿಸು. ನಿಮ್ಮವ್ವನ ಆಣಿ ಅದ ನಿನಗ."

ಅವಳು ಆಗಲಿ ಅಪ್ಪಾ ಅಂದಳು.

ಆ ಮೇಲೆ ನಾವಿಬ್ಬರೂ ರೂಬಿಯ ಅಡುಗೆಮನೆಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದೆವು. ಹೆಸರು ಇರಲಿ, ತೆಗೆಸಿದೆ ಎಂದು ಸುಳ್ಳು ಹೇಳು ಎಂದೆ. ತಾಯಿಯ ಆಣೆ ಹಾಕಿಸಿಕೊಂಡು ಸುಳ್ಳು ಹೇಳಲು ಅವಳಿಂದಾಗಲಿಲ್ಲ. ಸತ್ತ ತಾಯಿಯ ಮುಖ ಅವಳಿಗೆ ಅಷ್ಟಿಷ್ಟೇ ನೆನಪಿತ್ತು, ಆ ನೆನಪಿನ ಮೇಲೆ ಕೈಯಿಟ್ಟು ಹೇಳಿದ ಮಾತದು. ಕೊನೆಗೆ ಅವಳೇ ಒಂದು ಸಮಾಧಾನ ಹುಡುಕಿದಳು. "ಮಾರ್ಕ್ಸ್ ಅಂತೂ ಬಂದಾವಲ್ಲ ಅತ್ತಿ. ಆಕಿ ನೋಡ್ಯಾಳ, ಸಾಕು ಅಂದಾಳ. ಒಮ್ಮೆ ಪಾಸಾದ ಮ್ಯಾಲೆ ಸಾಲಿ ಬಿಟ್ರ ಮಾರ್ಕ್ಸ್ ಕಸ್ಕೋತಾರೇನು?"

ನನಗೂ ಅದು ಸರಿ ಎನಿಸಿತು. ಜೀವಮಾನವೆಲ್ಲ ಅಂಕ ಹಾಕಿದವಳು ನಾನು. ಹಾಕಿದ ಅಂಕ ಎಂದೂ ವಾಪಸು ಪಡೆದವಳಲ್ಲ. ಹೆಸರು ತೆಗೆಸಿದರೆ ಅಣ್ಣನ ಎದೆಯೂ ಉಳಿಯುತ್ತದೆ, ಮನೆಯೂ ಸಿಗುತ್ತದೆ ಎಂದುಕೊಂಡೆವು.

ರೂಬಿಗೆ ಹೇಳಿದಾಗ ಅವಳು ಮೊದಲು ಅರ್ಥವಾಗದೆ ನಮ್ಮಿಬ್ಬರ ಮುಖ ನೋಡಿದಳು. "ನಾ ಏನರೆ ತಪ್ಪು ಮಾಡಿದ್ನೇನು?" ಎಂದು ಕೇಳಿದಳು. ಸುಜಾತಾ ಅಪ್ಪನ ಜಾಮೀನಿನ ಕತೆಯನ್ನೆಲ್ಲ ಹೇಳಿದಳು. ರೂಬಿ ತಲೆಯಾಡಿಸಿ, ತಂದೆಯ ಮಾತು ತಂದೆಯ ಮಾತು ಎಂದು ಕಂಪನಿಗೆ ಫೋನು ಮಾಡಿದಳು. ಚಹಾ ಆರುವುದರೊಳಗೆ ಕೆಲಸ ಮುಗಿಯಿತು.

ಮ್ಯಾನೇಜರಿನ ಆಫೀಸು

ಮನೆ ಖಾಲಿಯಾದ ದಿನ ಸುಜಾತಾ ಆಶ್ರಮದಲ್ಲಿ ರಜೆ ಕೇಳಿಕೊಂಡು, ನಾನು ಗೌತಮಿಯ ಕೈ ಹಿಡಿದುಕೊಂಡು ಆಫೀಸಿಗೆ ಹೋದೆವು. ಮ್ಯಾನೇಜರು ನಮ್ಮನ್ನು ಕಂಡು ನಕ್ಕಳು, ಗೌತಮಿಗೆ ಒಂದು ಪೆಪ್ಪರಮಿಂಟು ಕೊಟ್ಟಳು, ಯಂತ್ರದ ಮುಂದೆ ಕುಳಿತಳು. ಕನ್ನಡಕ ಏರಿಸಿದಳು, ಇಳಿಸಿದಳು. ಹೆಸರಿನ ಅಕ್ಷರಗಳನ್ನು ಇನ್ನೊಮ್ಮೆ ಕೇಳಿ ಬರೆದಳು.

ಏನೂ ಬರುತ್ತಿಲ್ಲವಲ್ಲ, ಅಂದಳು.

ಮೊನ್ನೆ ಇತ್ತಲ್ಲ ಎಂದು ಸುಜಾತಾ ಕೇಳಿದಳು. ಇತ್ತು, ನಾನೇ ನೋಡಿದ್ದೆ. ಆದರೆ ಆ ಖಾತೆಯಿಂದ ನಿನ್ನ ಹೆಸರು ತೆಗೆದಿದ್ದಾರೆ, ಹೆಸರು ಹೋದರೆ ಅದರ ಹಿಂದಿನ ವರ್ಷಗಳೂ ಹೋಗುತ್ತವೆ, ಅಂದಳು. ನಿನ್ನದು ಅಂತ ಬೇರೆ ಏನೂ ಇಲ್ಲವಲ್ಲ. ಅವಳು ಕೆಟ್ಟ ಹೆಂಗಸಲ್ಲ. ಬೇರೆ ಯಾರಾದರೂ ಒಳ್ಳೆ ಸಂಬಳದವರು ನಿನ್ನ ಪರವಾಗಿ ಸಹಿ ಹಾಕಿದರೆ ಸಂಜೆಯವರೆಗೆ ಕಾಯುತ್ತೇನೆ, ಅಂದಳು. ಅಂದರೆ ಜಾಮೀನು. ಖರೇ ಜಾಮೀನು.

ಸುಜಾತಾ ಆಶ್ರಮಕ್ಕೆ ಫೋನು ಮಾಡಿದಳು; ರೂಬಿ ಏಪ್ರನ್ನಿನಲ್ಲೇ ಓಡಿ ಬಂದಳು. ಅವಳ ಅಡುಗೆಯ ಸಂಬಳ ಆ ಸಹಿಗೆ ಸಾಲದು ಅಂದರು. ಮತ್ತೆ ಈಗಲೇ ಹೆಸರು ಸೇರಿಸುತ್ತೇನೆ ಎಂದು ಅವಳು ಅಲ್ಲಿಂದಲೇ ಕಂಪನಿಗೆ ಫೋನು ಮಾಡಿದಳು. ಸೇರಿಸಬಹುದು, ಆದರೆ ಯಂತ್ರದಲ್ಲಿ ಕಾಣಲು ಇನ್ನೂ ಒಂದು ಒಂದೂವರೆ ತಿಂಗಳು ಬೇಕು ಎಂದು ಆ ಕಡೆಯವರು ಹೇಳಿದರು. ಮಿಲಿಂದ ಸಾಮಾನು ಸಾಗಿಸುವ ಲಾರಿಯನ್ನು ಆಗಲೇ ಗೊತ್ತುಮಾಡಿದ್ದ. ಹೊರಗೆ ಬೆಂಚಿನ ಮೇಲೆ ಇನ್ನೊಂದು ಸಂಸಾರ ಆ ಮನೆಗಾಗಿ ಕಾಯುತ್ತಿತ್ತು.

ಸುಜಾತಾ ಅಳಲಿಲ್ಲ. ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಿದಳು. ಗೌತಮಿ ಮೇಲಿನ ಮನೆಗೆ ಯಾವಾಗ ಹೋಗುವುದು ಎಂದು ಕೇಳುತ್ತಲೇ ಇದ್ದಳು. ಬಸ್ಸಿನಲ್ಲಿ ನಿದ್ದೆ ಹೋದ ಮೇಲೆ ಸುಮ್ಮನಾದಳು. ನನಗೆ ಅಣ್ಣನ ಮೇಲೆ ಅಂದು ಬಂದ ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಮರುಕ್ಷಣ ಅತ್ತಿಗೆಯ ನೆನಪಾಗಿ ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದಾಯಿತು.

ಲಾರಿ ಬರುವ ಮೊದಲೇ ನನ್ನ ಟಿಕೆಟಿನ ದಿನ ಬಂತು. ವಿಮಾನ ನಿಲ್ದಾಣದಲ್ಲಿ ಮಿಲಿಂದ ಮತ್ತೆ ಬಗ್ಗಿ ಕಾಲು ಮುಟ್ಟಿ, "ಹೊಸಾ ಊರಿಗೂ ಬರಬೇಕ್ರಿ ಅತ್ತಿ" ಅಂದ. ಕಾಲು ಹಿಂದಕ್ಕೆ ಎಳೆದುಕೊಂಡೆ. ಅವನು ಗಮನಿಸದವನ ಹಾಗೆ ನಕ್ಕ. ಸುಜಾತಾ ಹೊಸ ಮನೆಯ ಫೋನ್ ನಂಬರನ್ನು ನನ್ನ ಪರ್ಸಿನಲ್ಲಿ ಇಟ್ಟು, ಕಿವಿಯಲ್ಲಿ, "ಹೆಸರು ತೆಗಿಸ್ಯಾಳ ಅಂತ ಅಪ್ಪಗ ಹೇಳು. ಸಮಾಧಾನ ಆಗ್ತದ ಅವಗ" ಅಂದಳು.

ಮತ್ತೆ ಕಮಲಾಪುರ

ಬಂದು ಒಂದು ವಾರ ಬ್ರಹ್ಮಪುರದ ಖೋಲಿಯಿಂದ ಹೊರಗೆ ಬರಲಿಲ್ಲ. ಆಮೇಲೆ ಕಮಲಾಪುರದ ಬಸ್ ಹತ್ತಿದೆ. ಅಣ್ಣ ಸ್ಟ್ಯಾಂಡಿನ ಕಟ್ಟೆಯ ಮೇಲೇ ಇದ್ದ. ಹೇಗಿದ್ದೀ, ಪ್ರಯಾಣ ಹೇಗಾಯಿತು, ಯಾವುದೂ ಇಲ್ಲ.

"ತೆಗಿಸಿದ್ಳೇನು?"

"ತೆಗಿಸಿದ್ಳು."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಎರಡು ಚಹಾ ಹೇಳಿದ. "ನನ್ನ ಮಗಳು ಶ್ಯಾಣ್ಯಾಕಿ. ನನ್ನಂಗ ಆಗ್ಲಿಲ್ಲ ನೋಡು" ಅಂದ. ಪಕ್ಕದಲ್ಲಿ ಕುಳಿತ ಹಳೆಯ ಡ್ರೈವರನಿಗೂ ಹೇಳಿದ, ಮಗಳು ಎಂಥ ಗಂಡಾಂತರದಿಂದ ಪಾರಾದಳು ಎಂದು. ಬಹಳ ವರ್ಷದ ಮೇಲೆ ಅವನ ಮುಖದಲ್ಲಿ ಅಂಥ ನೆಮ್ಮದಿ ಕಂಡೆ. ಅದನ್ನು ನೋಡುತ್ತ ಚಹಾ ಕುಡಿಯುವುದು ನನ್ನಿಂದಾಗಲಿಲ್ಲ.

ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಎಲ್ಲ ಹೇಳಿದೆ. ಫೋನು ಡಿಕ್ಕಿಯಲ್ಲಿಟ್ಟು ಹೋಗುವುದು, ತೋಳಿನ ಮೇಲಿನ ಬೆರಳುಗಳು, ಸಾಲಾಗಿ ಕೂರುವ ಗೊಂಬೆಗಳು, ಹಳದಿ ಮನೆ, ಬರಿದಾದ ಯಂತ್ರ. ಅಣ್ಣ ಗೋಡೆಗೆ ಆತು ಕುಳಿತು ಕೇಳಿದ. ಅವನ ಎದೆಗೆ ಏನಾಗುತ್ತದೋ ಎಂದು ನೋಡುತ್ತಲೇ ಹೇಳಿದೆ. ಏನೂ ಆಗಲಿಲ್ಲ. ಎದೆ ಒಡೆಯುತ್ತದೆಂದು ನಾವಿಬ್ಬರೂ ಮುಚ್ಚಿಟ್ಟದ್ದು ದಂಡವಾಯಿತು.

"ಖರೇ ಹೊಡೀತಾನೇನ?"

"ಹೊಡೀತಾನ."

"ನನಗ್ಯಾಕ ಹೇಳ್ಲಿಲ್ಲ? ಹೇಳಿದ್ರ ನಾ ಬ್ಯಾಡ ಅಂತಿದ್ನೇನ?"

ಅವನು ಎದ್ದು ಅಂಗಿ ತೊಟ್ಟ. "ನಡಿ, ಫೋನ್ ಹಚ್ಚೂಣು. ಮತ್ತ ಹೆಸರು ಹಾಕ್ಸು ಅಂತ ನಾನೇ ಹೇಳ್ತೀನಿ. ಆಣಿ ವಾಪಸ್ ತಗೊಂಡೀನಿ ಅಂತ ಹೇಳ್ತೀನಿ" ಅಂದ.

ಬೂತಿನಲ್ಲಿ ಹೊಸ ಊರಿನ ಮನೆಯ ನಂಬರನ್ನು ತಾನೇ ಒತ್ತಿದ. ನಾನು ಗಾಜಿನ ಪೆಟ್ಟಿಗೆಯೊಳಗೆ ಅವನಿಗೆ ಅಂಟಿಕೊಂಡು ನಿಂತಿದ್ದೆ. ಬಹಳ ಹೊತ್ತು ಗಂಟೆ ಬಾರಿಸಿ, ಆ ಕಡೆ ಎತ್ತಿದವನು ಮಿಲಿಂದ.

ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮಾವಾರೇನ್ರಿ? ಆರಾಮ ಅದೀರಿ? ಅತ್ತಿ ಬರೋಬರಿ ಮುಟ್ಟಿದ್ರೇನು?" ಆ ಮೆತ್ತನೆಯ ದನಿ ನನಗೂ ಕೇಳಿಸಿತು.

"ಮುಟ್ಟ್ಯಾಳ್ರಿ... ಸುಜಾತಾ ಎಲ್ಲಿ ಅದಾಳ್ರಿ?"

"ಇಲ್ಲೇ ಮಲಗ್ಯಾಳ್ರಿ. ಎಬ್ಬಿಸ್ಲೇನು?"

ಅಣ್ಣ ನನ್ನ ಕಡೆ ನೋಡಿದ. ಕುತ್ತಿಗೆಯ ನರ ಉಬ್ಬಿತ್ತು. ಅವನು ಸಿಟ್ಟಿನ ಮನುಷ್ಯ. ಟಿಕೆಟ್ ತೆಗೆಯದ ಪೊಲೀಸರನ್ನೂ ಗಾಡಿಯಿಂದ ಇಳಿಸಿದವನು. ಒಂದು ಮಾತು ಏರಿಸಿದರೆ ಅದರ ಪೆಟ್ಟು ಅಲ್ಲಿ ಯಾರ ಮೈಮೇಲೆ ಬೀಳುತ್ತದೆಂದು ಅವನಿಗೆ ಆ ಕ್ಷಣ ಗೊತ್ತಾಯಿತು.

"ಬ್ಯಾಡ್ರಿ. ಮಲಗ್ಲಿ" ಅಂದ. ಆಮೇಲೆ, "ನಿಮ್ಮ ಕಡಿ ಥಂಡಿ ಭಾಳ ಅದೇನ್ರಿ?" ಎಂದು ಕೇಳಿದ. ಅಳಿಯ ಅಲ್ಲಿನ ಹವೆಯನ್ನು ವಿವರವಾಗಿ ಹೇಳಿದ. ಅಣ್ಣ ಹೌದ್ರಿ, ಹೌದ್ರಿ ಅನ್ನುತ್ತ ಕೇಳಿ, ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಇಟ್ಟ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಹುಮನಾಬಾದಿನ ಗಾಡಿ ಬಂದು ನಿಂತು, ಜನ ಇಳಿದು, ಹೋಯಿತು. ಅವನು ತಲೆಯೆತ್ತಿ ನೋಡಲಿಲ್ಲ.

"ಫೋನಿನ್ಯಾಗ ಅವನ ಹಿಂದ ಆಕಿ ದನಿ ಏನರೆ ಕೇಳ್ಸಿತೇನ ನಿನಗ?" ಎಂದು ಕೇಳಿದ.

ಇಲ್ಲ ಅಂದೆ.